ಕೆಂಪು ಪ್ಲಾಸ್ಟಿಕ್ ಮೇಲೆ ಬಿಳಿ ಬಣ್ಣ: ಮಾಡೆಲ್ ಕಾರಿನಲ್ಲಿ ನನ್ನ ಅನುಭವ

ಕಿಟ್ ಡಬ್ಬಿ ಬಿಚ್ಚಿದಾಗ ಕಾರಿನ ಬಾಡಿ ಬಿಳಿಯೋ ಬೂದಿಯೋ ಇದ್ದರೆ ನನಗೆ ಚಿಂತೆ ಇಲ್ಲ. ಕೆಂಪು ಇದ್ದು, ಮೇಲೆ ಹೊಡೆಯಬೇಕಾದ್ದು ಬಿಳಿಯಾದರೆ ಮಾತ್ರ ಕೆಲಸದ ಕ್ರಮವನ್ನೇ ಬದಲಾಯಿಸುತ್ತೇನೆ. ಬಿಳಿ ಹೊಡೆದ ದಿನ ಎಲ್ಲ ಚೆನ್ನಾಗೇ ಕಾಣುತ್ತದೆ. ಆಮೇಲೆ ಬಾಗಿಲಿನ ಗೆರೆ, ಚಕ್ರದ ಮೇಲಿನ ಕಮಾನು, ಬಾನೆಟ್ ಅಂಚು, ಹೀಗೆ ಒಂದೊಂದೇ ಕಡೆ ತೆಳು ಗುಲಾಬಿ ಮೇಲೇಳುತ್ತದೆ. ಕೆಲವು ಸಲ ವಾರಗಳು ಕಳೆದ ಮೇಲೆ. ಹಳದಿ, ಕಿತ್ತಳೆ ಪ್ಲಾಸ್ಟಿಕ್ ಕೂಡ ಬಣ್ಣ ಬಿಡುತ್ತದೆ, ಆದರೆ ಕೆಂಪಿನಷ್ಟು ಕಾಟ ಬೇರೆ ಯಾವುದೂ ಕೊಡುವುದಿಲ್ಲ.

ಕಾರಣ ಪ್ಲಾಸ್ಟಿಕ್ ಒಳಗಿರುವ ಡೈ, ಅಂದರೆ ಅದಕ್ಕೆ ಬಣ್ಣ ಕೊಡುವ ವಸ್ತು. ಲ್ಯಾಕರ್ ಅಂದರೆ ಖಾರವಾದ ಥಿನ್ನರ್ ಇರುವ, ಬೇಗ ಒಣಗುವ ಪೇಂಟ್. ಅದರ ಥಿನ್ನರ್ ಪಾಲಿಸ್ಟೈರೀನ್‌ನ, ಅಂದರೆ ಕಿಟ್‌ನ ಪ್ಲಾಸ್ಟಿಕ್‌ನ, ಮೇಲ್ಪದರವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಪೇಂಟ್ ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಅದರಿಂದಲೇ. ಅದೇ ಹೊತ್ತಿಗೆ ಡೈ ಕೂಡ ಕರಗಿ ಪೇಂಟಿಗೆ ಹತ್ತುತ್ತದೆ. ಹಾಗಾಗಿ "ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತೆ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಸಿಯಾಗಿ ಹೊಡೆದ ಪ್ರತಿ ಕೋಟೂ ಕೆಳಗಿನ ಕೆಂಪನ್ನು ಮತ್ತಷ್ಟು ಎಳೆಯುತ್ತದೆ. ಬಣ್ಣಕ್ಕೆ ಮೊದಲು ಅಡಿಪದರವಾಗಿ ಹೊಡೆಯುವ ಬೂದು ಪ್ರೈಮರ್ ಕೂಡ ತಡೆಗೋಡೆ ಅಲ್ಲ. ಅದು ಕೆಂಪನ್ನು ಕಣ್ಣಿಗೆ ಮರೆಮಾಡುತ್ತದೆ, ಅಷ್ಟೇ. ಲ್ಯಾಕರ್ ಪ್ರೈಮರ್ ಆದರೆ ಅದರಲ್ಲೂ ಅದೇ ಥಿನ್ನರ್ ಇರುತ್ತದಲ್ವಾ?

ಎಲ್ಲ ಕೆಂಪು ಪ್ಲಾಸ್ಟಿಕ್ಕೂ ಒಂದೇ ತರ ಅಲ್ಲ. ಅದಕ್ಕೇ ಮೊದಲು ಪರೀಕ್ಷೆ ಮಾಡುತ್ತೇನೆ. ಬಿಡಿಭಾಗಗಳು ಅಂಟಿಕೊಂಡಿರುವ ಸ್ಪ್ರೂ ಇದಕ್ಕೆ ಸಾಕು. ಅದು ಬಾಡಿಯ ಬಣ್ಣದ್ದೇ ಆಗಿರಬೇಕು, ಅಷ್ಟೇ. ಬೇಕೆಂದೇ ಹಸಿಹಸಿಯಾಗಿ ಬಿಳಿ ಹೊಡೆದು, ಒಂದು ಬಿಳಿ ಹಾಳೆಯ ಮೇಲೆ ಇಟ್ಟು ಬಿಡುತ್ತೇನೆ. ಪಕ್ಕದಲ್ಲಿ ಹಾಳೆ ಇದ್ದರೆ ಚೂರು ಗುಲಾಬಿ ತಿರುಗಿದರೂ ಗೊತ್ತಾಗುತ್ತದೆ. ಒಂದು ವಾರವಾದರೂ ಕಾಯಬೇಕು, ಮರುದಿನ ನೋಡಿ ತೀರ್ಮಾನ ಮಾಡಬಾರದು.

ತಡೆಗೋಡೆಗೆ ನಾನು ಹೆಚ್ಚಾಗಿ ನಂಬುವುದು ಬೆಳ್ಳಿ ಬಣ್ಣದ ಪೇಂಟನ್ನು. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮಲಗುತ್ತವೆ. ಡೈ ಮೇಲೆ ಬರುವ ದಾರಿ ಅಲ್ಲಿ ಕಟ್ಟಾಗುತ್ತದೆ. ಪದರವೂ ತೆಳು, ಕಾರಿನ ಮೇಲಿನ ಸಣ್ಣ ಅಕ್ಷರ, ಲಾಂಛನ ಮುಚ್ಚಿಹೋಗುವುದಿಲ್ಲ. ಆದರೆ ಬೆಳ್ಳಿ ಪೇಂಟೂ ಲ್ಯಾಕರ್ ಆಗಿದ್ದರೆ ಹೊಡೆಯುವ ರೀತಿ ಮುಖ್ಯ. ಸ್ವಲ್ಪ ದೂರದಿಂದ, ಪ್ಲಾಸ್ಟಿಕ್ ಮುಟ್ಟುವಷ್ಟರಲ್ಲಿ ಅರ್ಧ ಒಣಗಿರುವ ಹಾಗೆ, ತೆಳುವಾಗಿ ಹಲವು ಸಲ ಹೊಡೆಯಬೇಕು. ಮೊದಲ ಸಲಕ್ಕೇ ಮಿರಮಿರ ಮಿಂಚಿದರೆ ಜಾಸ್ತಿ ಹಸಿಯಾಯಿತು ಎಂದು ಅರ್ಥ. ಪೂರ್ತಿ ಒಣಗಿದ ಮೇಲೆ ಬಿಳಿ ಪ್ರೈಮರ್, ಆಮೇಲೆ ಬಿಳಿ.

ಪರೀಕ್ಷೆಯಲ್ಲೇ ಜೋರಾಗಿ ಗುಲಾಬಿ ಬಂದರೆ ಅರಗಿಗೆ ಹೋಗುತ್ತೇನೆ, ಅಂದರೆ ಶೆಲ್ಯಾಕ್. ಅದು ಕರಗುವುದು ಆಲ್ಕೋಹಾಲ್‌ನಲ್ಲಿ, ಆಲ್ಕೋಹಾಲ್ ಪಾಲಿಸ್ಟೈರೀನನ್ನು ಕರಗಿಸುವುದಿಲ್ಲ. ಜಿನ್ಸರ್ ಕಂಪನಿಯ ಬಿ-ಐ-ಎನ್ ಅನ್ನುವ ಗೋಡೆ ಪ್ರೈಮರ್ ಶೆಲ್ಯಾಕ್‌ನದ್ದೇ, ಮಾಡೆಲ್ ಮಾಡುವವರು ಅದನ್ನು ಬಳಸುತ್ತಾರೆ. ನನಗೆ ಅದು ಸ್ವಲ್ಪ ದಪ್ಪ ಅನ್ನಿಸುತ್ತದೆ. ಮೇಣ ತೆಗೆದ ತಿಳಿ ಶೆಲ್ಯಾಕನ್ನು ಆಲ್ಕೋಹಾಲ್‌ನಲ್ಲಿ ನೀರು ನೀರಾಗಿ ಮಾಡಿಕೊಂಡು ಏರ್‌ಬ್ರಷ್‌ನಲ್ಲಿ ಹೊಡೆಯುವುದು ನನಗಿಷ್ಟ. ಮೇಣ ಉಳಿದಿದ್ದರೆ ಮುಂದಿನ ಪೇಂಟ್ ಸರಿಯಾಗಿ ಹಿಡಿಯುವುದಿಲ್ಲ. ಯಾವುದನ್ನು ಹೊಡೆದರೂ ಕಿಟಕಿ ತೆರೆದು, ಆವಿ ತಡೆಯುವ ಮಾಸ್ಕ್ ಹಾಕಿಕೊಂಡೇ ಹೊಡೆಯಿರಿ.

ತಡೆಗೋಡೆ ಸೋಲುವುದು ಬಹುಪಾಲು ಅಂಚುಗಳಲ್ಲಿ. ಚೂಪು ಅಂಚಿನಲ್ಲಿ ಪೇಂಟ್ ತಾನಾಗಿಯೇ ತೆಳುವಾಗುತ್ತದೆ. ಅಲ್ಲಿ ಸ್ಯಾಂಡ್‌ಪೇಪರ್ ಎರಡು ಸಲ ಆಡಿದರೆ ಸಾಕು, ಪ್ಲಾಸ್ಟಿಕ್ ಇಣುಕುತ್ತದೆ. ಅದಕ್ಕೇ ಅಚ್ಚಿನ ಗೆರೆ ತೆಗೆಯುವುದು, ಪುಟ್ಟಿ ತುಂಬುವುದು, ಉಜ್ಜುವುದು, ಸೋಪು ನೀರಿನಲ್ಲಿ ತೊಳೆಯುವುದು, ಎಲ್ಲ ಮೊದಲೇ ಮುಗಿಸುತ್ತೇನೆ. ಆಮೇಲೆ ಉಜ್ಜಲೇಬೇಕಾಗಿ ಬಂದರೆ ಪೇಪರ್ ಮೇಲೆ ಕಣ್ಣಿರುತ್ತದೆ. ಅದಕ್ಕೆ ಒಂಚೂರು ಕೆಂಪು ಹತ್ತಿದರೂ ಆ ಜಾಗಕ್ಕೆ ಮತ್ತೆ ಬೆಳ್ಳಿ. ಅಂದಹಾಗೆ, ಕಾರು ರಿಪೇರಿಗೆ ಬಳಸುವ ಕೆಂಪು ಪುಟ್ಟಿಯೂ ಬಣ್ಣ ಬಿಡುತ್ತದೆ. ಬೂದು ಪ್ಲಾಸ್ಟಿಕ್ ಮೇಲೆ ಗುಲಾಬಿ ಚುಕ್ಕೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಅದರ ಮೇಲೆ.

ನೀರಿನ ಅಕ್ರಿಲಿಕ್ ಪೇಂಟ್ ಬಳಸಿದರೆ ಈ ಕಾಟ ಕಡಿಮೆ. ಆದರೆ ಕೊನೆಯಲ್ಲಿ ಅದರ ಮೇಲೆ ಲ್ಯಾಕರ್ ಕ್ಲಿಯರ್ (ಬಣ್ಣವಿಲ್ಲದ, ಪಾರದರ್ಶಕ ಕೋಟ್) ಹೊಡೆಯುವ ಯೋಚನೆ ಇದ್ದರೆ ತಡೆಗೋಡೆ ಬಿಡಬೇಡಿ. ಹಸಿ ಕ್ಲಿಯರ್‌ನ ಥಿನ್ನರ್ ಕೆಳಗಿಳಿದು ಪ್ಲಾಸ್ಟಿಕ್ ಮುಟ್ಟಬಲ್ಲದು.

ಆಗಲೇ ಗುಲಾಬಿ ತಿರುಗಿದ ಬಾಡಿ ಕೈಯಲ್ಲಿದ್ದರೆ ಮೇಲೆ ಸುಮ್ನೆ ಬಿಳಿ ಸುರಿಯಬೇಡಿ. ಪೂರ್ತಿ ಒಣಗಲು ಬಿಟ್ಟು, ಹಗುರವಾಗಿ ಉಜ್ಜಿ, ಆ ಪೇಂಟಿನ ಮೇಲೆಯೇ ಬೆಳ್ಳಿ ಹೊಡೆದು ಮತ್ತೆ ಬಿಳಿಗೆ ಬನ್ನಿ. ಬಾಗಿಲಿನ ಗೆರೆಗಳು ಪೇಂಟಿನಿಂದ ಆಗಲೇ ತುಂಬಿಹೋಗಿದ್ದರೆ ಮಾತ್ರ ಹಳೆಯದನ್ನು ಪೂರ್ತಿ ತೆಗೆದು ಮೊದಲಿಂದ ಶುರು ಮಾಡುವುದೇ ಸರಿ.