ಟೊಮೆಟೊ ತೋಟದ ಬದುವಿಗೆ ತಂಗಡಿ ಸಾಲು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ, ಬದನೆ ಬೆಳೆಯುವವರು ಬದುವಿನ ಮೇಲೆ ಒಂದು ಸಾಲು ತಂಗಡಿಯನ್ನು ಬೆಳೆಸಿಕೊಳ್ಳುವುದು ಲಾಭದಾಯಕ. ಆವರಿಕೆ ಎಂದೂ ಕರೆಯುವ ಈ ಗಿಡ ನಮ್ಮ ಕೆಂಪು ಗರಸು ನೆಲದ್ದೇ. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಆಳೆತ್ತರ ಬೆಳೆದು ಹಲವು ವರ್ಷ ಹೂ ಬಿಡುತ್ತದೆ.

ಇದರ ಹಳದಿ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ ಇದೆ. ಅದೂ ಕೇಸರದ ತುದಿಯ ಸಣ್ಣ ರಂಧ್ರದ ಒಳಗೆ ಅಡಗಿರುವುದರಿಂದ, ಹೂವನ್ನು ತಬ್ಬಿ ಹಿಡಿದು ಮೈ ಅದುರಿಸಬಲ್ಲ ಕಪ್ಪು ಬಡಗಿ ದುಂಬಿ, ನೀಲಿ ಪಟ್ಟೆಯ ಜೇನಿನಂಥವುಗಳಿಗೇ ಅದು ಸಲೀಸಾಗಿ ಉದುರುತ್ತದೆ. ಬೆಳಗ್ಗೆ ಗಿಡದ ಬಳಿ ನಿಂತರೆ, ಹಾರುವಾಗ ಮಂದವಾಗಿದ್ದ ದುಂಬಿಯ ಸದ್ದು ಹೂವಿಗೆ ಕೂತೊಡನೆ ತೀಕ್ಷ್ಣವಾಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಟೊಮೆಟೊ, ಬದನೆ ಹೂಗಳ ಪರಾಗವೂ ಹೀಗೆ ಅದುರಿಸಿದಾಗಲೇ ಚೆನ್ನಾಗಿ ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬಾರದು. ಆದ್ದರಿಂದ ತಂಗಡಿಗೆ ಬರುವ ದುಂಬಿಗಳೇ ಪಕ್ಕದ ತೋಟದ ಹೂಗಳಿಗೂ ನೆರವಾಗುತ್ತವೆ. ದುಂಬಿಗಳಿಗೆ ಮಕರಂದವೂ ಬೇಕಾದ್ದರಿಂದ ಬದುವಿನ ಎಕ್ಕದ ಗಿಡಗಳನ್ನು ಕಡಿಯದೆ ಬಿಡಿ.

ಬೀಜ ಆಯುವಾಗ ಎಚ್ಚರ ಬೇಕು. ರಸ್ತೆಬದಿಯ ಸೀಮೆ ತಂಗಡಿ ಹೊರಗಿನಿಂದ ಬಂದ ಮರ. ಬಂಡೀಪುರ, ನಾಗರಹೊಳೆಯ ಕಾಡುಗಳನ್ನು ಆವರಿಸುತ್ತಿರುವ ಹಳದಿ ಹೂವಿನ ಸೆನ್ನಾ ಎಂಬ ಮರ ಕೂಡ ಪರದೇಶದ್ದು. ನಮ್ಮ ತಂಗಡಿ ಪೊದೆಯಾಗಿ ಬೆಳೆಯುತ್ತದೆ. ಎಲೆಯ ಬುಡದಲ್ಲಿ ಕಿವಿಯಾಕಾರದ ಪುಟ್ಟ ಎಲೆಗಳಿರುತ್ತವೆ, ಕಾಯಿ ಕಾಗದದಷ್ಟು ತೆಳು.

ಸಿಪ್ಪೆ ಗಟ್ಟಿಯಾದ್ದರಿಂದ ಬೀಜ ಹಾಗೆಯೇ ಬಿತ್ತಿದರೆ ಬೇಗ ಮೊಳೆಯದು. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಉಬ್ಬಿದವನ್ನು ಮಾತ್ರ ಆರಿಸಿಕೊಳ್ಳಿ. ಉಬ್ಬದವನ್ನು ಒರಟು ಕಲ್ಲಿಗೆ ತುಸು ಉಜ್ಜಿ ಮತ್ತೆ ನೆನೆಹಾಕಬಹುದು. ಜೂನ್ ಮೊದಲಿಗೆ ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಪ್ಯಾಕೆಟ್ಟಿನಲ್ಲಿ ಒಂದು ಸೆಂ.ಮೀ. ಆಳಕ್ಕೆ ಬಿತ್ತಿ, ಆಗಸ್ಟ್‌ನಲ್ಲಿ ಮೂರಡಿಗೊಂದರಂತೆ ಬದುವಿಗೆ ನೆಟ್ಟರೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮಳೆಗೆ ಬೇರು ಇಳಿಯುತ್ತದೆ. ನೀರು ನಿಲ್ಲುವ ತಗ್ಗು ಇದಕ್ಕೆ ಒಗ್ಗದು. ಮೊದಲ ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಕೊಟ್ಟರೆ ಸಾಕು, ಗೊಬ್ಬರದ ಗೊಡವೆ ಬೇಡ.

ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಎರಡನೆಯ ವರ್ಷದಿಂದ ಮುಂಗಾರಿಗೆ ಮೊದಲು ಮೊಣಕಾಲೆತ್ತರಕ್ಕೆ ಸವರಬೇಕು. ಇಡೀ ಸಾಲನ್ನು ಒಮ್ಮೆಗೇ ಸವರದೆ ಒಂದು ವರ್ಷ ಅರ್ಧ, ಮರುವರ್ಷ ಉಳಿದರ್ಧ ಎಂದು ಇಟ್ಟುಕೊಂಡರೆ ಹೂವಿಗೆ ಕೊರತೆಯಾಗದು. ಸವರಿದ ಸೊಪ್ಪು ಒಳ್ಳೆಯ ಹಸಿರೆಲೆ ಗೊಬ್ಬರ. ಎಲೆ ತಿನ್ನುವ ಹಸಿರು ಹುಳುಗಳು ಚಿಟ್ಟೆಯ ಮರಿಗಳು, ಅವಕ್ಕೆ ಔಷಧಿ ಹೊಡೆಯಬೇಡಿ. ಟೊಮೆಟೊಗೆ ಹೊಡೆಯಲೇಬೇಕಾದರೆ ದುಂಬಿಗಳು ಹಿಂದಿರುಗಿದ ಮೇಲೆ, ಸಂಜೆ, ಗಾಳಿ ಸಾಲಿನತ್ತ ಬೀಸದಿರುವಾಗ ಹೊಡೆಯಿರಿ. ಬಡಗಿ ದುಂಬಿ ಒಣಮರ, ಒಣಬಿದಿರಿನಲ್ಲಿ ಗೂಡು ಕೊರೆಯುವುದರಿಂದ ಹಳೆಯ ಆಸರೆ ಗಳಗಳಲ್ಲಿ ನಾಲ್ಕಾರನ್ನು ಒಲೆಗೆ ಹಾಕದೆ, ಮಳೆ ತಾಗದ ಕಡೆ ಅಡ್ಡಲಾಗಿ ಕಟ್ಟಿಡಬೇಕು.