ಧಾರಾವಾಹಿಯ ಕೊನೆಯ ಕಂತಿಗೆ ತೀರ್ಪು ಕೊಡುವ ಮುನ್ನ

ವರ್ಷಗಟ್ಟಲೆ ನೋಡಿದ ಧಾರಾವಾಹಿ ಕೊನೆಯ ಕಂತಿನಲ್ಲಿ ನಿರಾಸೆ ಮೂಡಿಸಿದಾಗ, ಆ ನಿರಾಸೆ ಎಲ್ಲಿಂದ ಬಂತೆಂದು ಮೊದಲು ಗುರುತಿಸಿಕೊಳ್ಳಬೇಕು. ಮುಕ್ತಾಯ ನಿಜಕ್ಕೂ ದುರ್ಬಲವಾಗಿರಬಹುದು. ಅಥವಾ ಅದು ಹೇಳಿದ್ದು ಒಂದು, ನಾವು ಗ್ರಹಿಸಿದ್ದು ಇನ್ನೊಂದು ಆಗಿರಬಹುದು. ಇಲ್ಲಿ ಮೂರು ಅಮೆರಿಕನ್ ಧಾರಾವಾಹಿಗಳ ಅಂತ್ಯವನ್ನು ಬಿಚ್ಚಿ ಹೇಳಲಾಗಿದೆ. ಅವುಗಳನ್ನು ನೋಡದವರು ನೋಡಿದ ಮೇಲೆ ಇದನ್ನು ಓದುವುದು ಒಳ್ಳೆಯದು.

ನೀವು ಅರ್ಥಮಾಡಿಕೊಂಡ ಮುಕ್ತಾಯವನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಬಳಿಕ ಆ ವಾಕ್ಯಕ್ಕೆ ಆಧಾರವಾದ ದೃಶ್ಯವನ್ನೋ ಮಾತನ್ನೋ ಕಂತಿನೊಳಗೇ ಹುಡುಕಿ. ವಿಮಾನ ಬಿದ್ದು ದ್ವೀಪದಲ್ಲಿ ಸಿಲುಕಿದವರ ಕಥೆಯಾದ, ಎಬಿಸಿ ವಾಹಿನಿಯ ‘ಲಾಸ್ಟ್’ 2010ರ ಮೇ 23ರಂದು ಮುಗಿದಾಗ, ವಿಮಾನ ಬಿದ್ದ ದಿನವೇ ಎಲ್ಲರೂ ಸತ್ತಿದ್ದರು, ದ್ವೀಪದಲ್ಲಿ ನಡೆದದ್ದೆಲ್ಲ ಸತ್ತವರ ಕಥೆ ಎಂದು ಬಹಳ ಜನ ತಿಳಿದರು. ಇಂದಿಗೂ ಹಾಗೆ ಹೇಳುವವರಿದ್ದಾರೆ. ಆದರೆ ಕೊನೆಯಲ್ಲಿ ಬರುವ ಚರ್ಚಿನ ದೃಶ್ಯದಲ್ಲಿ ಕ್ರಿಶ್ಚಿಯನ್ ತನ್ನ ಮಗ, ಕಥಾನಾಯಕ ಜ್ಯಾಕ್‌ಗೆ, ಅವನ ಬದುಕಿನಲ್ಲಿ ನಡೆದದ್ದೆಲ್ಲ ನಿಜವೆಂದೂ, ಅಲ್ಲಿ ಸೇರಿದವರಲ್ಲಿ ಕೆಲವರು ಅವನಿಗಿಂತ ಮೊದಲು, ಕೆಲವರು ಅವನು ಸತ್ತು ಬಹುಕಾಲದ ನಂತರ ತೀರಿಕೊಂಡವರೆಂದೂ ಸ್ಪಷ್ಟವಾಗಿ ಹೇಳುತ್ತಾನೆ. ಸಾವಿನ ನಂತರದ್ದು ಈ ಚರ್ಚಿಗೆ ಬಂದು ಮುಟ್ಟುವ, ಆರನೆಯ ಸೀಸನ್ನಿನಲ್ಲಿ ಸಮಾಂತರವಾಗಿ ಸಾಗಿದ ಕಥೆ ಮಾತ್ರ. ಅದೇ ಚರ್ಚಿನ ಹೊರಗೆ ಜ್ಯಾಕ್ ನಂತರ ದ್ವೀಪದ ಕಾವಲು ವಹಿಸಿಕೊಂಡ ಹ್ಯೂಗೊ, ನೀನು ಒಳ್ಳೆಯ ಎರಡನೆಯವನಾಗಿದ್ದೆ ಎಂದು ತನ್ನ ಸಹಾಯಕ ಬೆನ್‌ಗೆ ಹೇಳುತ್ತಾನೆ; ನೀನು ಶ್ರೇಷ್ಠ ಮೊದಲನೆಯವನಾಗಿದ್ದೆ ಎಂದು ಬೆನ್ ಉತ್ತರಿಸುತ್ತಾನೆ. ಜ್ಯಾಕ್‌ನ ಕಾಲದ ನಂತರವೂ ಅವರಿಬ್ಬರು ದ್ವೀಪವನ್ನು ಕಾದರೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸಬ್‌ಟೈಟಲ್ ಓದುತ್ತ ನೋಡುವವರಿಗೆ ಇಂಥ ಚಿಕ್ಕ ಮಾತು ಸುಲಭವಾಗಿ ತಪ್ಪಿಹೋಗುತ್ತದೆ. ಆದ್ದರಿಂದ ಕೊನೆಯ ಇಪ್ಪತ್ತು ನಿಮಿಷಗಳನ್ನಾದರೂ ನಿಲ್ಲಿಸಿ ನಿಲ್ಲಿಸಿ ಎರಡನೆಯ ಸಲ ನೋಡಬೇಕು.

ತೆರೆಯ ಮೇಲೆ ಕಂಡದ್ದೆಲ್ಲ ಕಥೆಗೆ ಸೇರಿದ್ದಲ್ಲ ಎಂಬುದನ್ನೂ ಪರಿಶೀಲಿಸಬೇಕು. ‘ಲಾಸ್ಟ್’ ಮುಗಿದು ಹೆಸರುಗಳು ಸಾಗುವಾಗ ನಿರ್ಜನ ತೀರದಲ್ಲಿ ಬಿದ್ದ ವಿಮಾನದ ಅವಶೇಷಗಳು ಕಂಡಿದ್ದವು, ಯಾರೂ ಬದುಕುಳಿದಿರಲಿಲ್ಲ ಎಂಬ ಊಹೆಗೆ ಅವೇ ಬಲ ಕೊಟ್ಟವು. ಆ ಚಿತ್ರಗಳು ಕಥೆಯ ಭಾಗವಲ್ಲ, ಮುಂದಿನ ಸುದ್ದಿ ಪ್ರಸಾರಕ್ಕೆ ಮೊದಲು ಪ್ರೇಕ್ಷಕರಿಗೆ ತುಸು ಬಿಡುವು ಸಿಗಲೆಂದು ಸೇರಿಸಿದ್ದು ಎಂದು ವಾಹಿನಿಯೇ ನಂತರ ತಿಳಿಸಿತು.

ಕೆಲವು ಮುಕ್ತಾಯಗಳಿಗೆ ಹಿಂದಿನ ಕಂತುಗಳು ಬೇಕಾಗುತ್ತವೆ. 2007ರ ಜೂನ್ 10ರಂದು ಎಚ್‌ಬಿಒದಲ್ಲಿ ಮಾಫಿಯಾ ನಾಯಕ ಟೋನಿಯ ಕಥೆಯಾದ ‘ದಿ ಸೊಪ್ರಾನೋಸ್’ ಕಪ್ಪು ತೆರೆಯೊಂದಿಗೆ ಥಟ್ಟನೆ ನಿಂತಾಗ ಕೇಬಲ್ ಕೈಕೊಟ್ಟಿತೆಂದು ಅನೇಕರು ಭಾವಿಸಿದರು. ಉಪಾಹಾರ ಗೃಹದಲ್ಲಿ ನಡೆಯುವ ಆ ಕೊನೆಯ ದೃಶ್ಯದಲ್ಲಿ ಮತ್ತೆ ಮತ್ತೆ ಬಾಗಿಲಿನ ಗಂಟೆ ಸದ್ದಾಗುತ್ತದೆ, ಟೋನಿ ತಲೆಯೆತ್ತುತ್ತಾನೆ, ಅವನು ಕಂಡದ್ದು ನಮಗೂ ಕಾಣುತ್ತದೆ. ಕೊನೆಯ ಸಲ ಅವನಿಗೆ ಕಾಣಬೇಕಾದ ಜಾಗದಲ್ಲಿ ಬರುವುದು ಕತ್ತಲೆ. ಅದೇ ಸೀಸನ್ನಿನಲ್ಲಿ ದೋಣಿಯಲ್ಲಿ ಕುಳಿತ ಟೋನಿಯ ಭಾವ ಬಾಬಿ, ಸಾವಿನ ಗಳಿಗೆ ಬಂದಾಗ ಬಹುಶಃ ಸದ್ದೂ ಕೇಳಿಸದು ಎಂದಿದ್ದ. ಕೊನೆಯದಕ್ಕೆ ಹಿಂದಿನ ಕಂತಿನಲ್ಲಿ ಟೋನಿ ಅದನ್ನು ನೆನೆಯುತ್ತಾನೆ. ಇವೆರಡನ್ನು ಜೋಡಿಸಿದರೆ ಸಾವಿನ ಅರ್ಥದತ್ತ ಮನಸ್ಸು ವಾಲುತ್ತದೆ. ಆದರೂ ಕೃತಿ ಬಾಯಿಬಿಟ್ಟು ಹೇಳದ್ದನ್ನು ತೀರ್ಮಾನವೆಂದು ಸಾರಬಾರದು.

ಇಷ್ಟೆಲ್ಲ ಮಾಡಿದ ಮೇಲೂ ನಿರಾಸೆ ಉಳಿದರೆ, ಕಥೆ ತಲುಪಿದ ನೆಲೆ ತಪ್ಪೋ, ಅಲ್ಲಿಗೆ ನಡೆದ ದಾರಿ ತಪ್ಪೋ ಎಂದು ಕೇಳಿಕೊಂಡು, ಯಾವ ದೃಶ್ಯದ ಕೊರತೆ ಕಾಡಿತೆಂದು ನಿರ್ದಿಷ್ಟವಾಗಿ ಬರೆಯಿರಿ. ‘ಗೇಮ್ ಆಫ್ ಥ್ರೋನ್ಸ್’ನ ಮೊದಲ ಆರು ಸೀಸನ್ನುಗಳಲ್ಲಿ ತಲಾ 10 ಕಂತುಗಳಿದ್ದವು, ಏಳನೆಯದರಲ್ಲಿ 7, 2019ರ ಎಂಟನೆಯದರಲ್ಲಿ 6 ಮಾತ್ರ, ಅಂದರೆ ದಾರಿಗೆ ಉಳಿದ ಕಂತುಗಳೇ ಕಡಿಮೆ. ಸಿಂಹಾಸನಕ್ಕಾಗಿ ಹೋರಾಡುವ ರಾಣಿ ಡನೇರಿಸ್ ತನ್ನ ಡ್ರ್ಯಾಗನ್ನಿನ ಬೆಂಕಿಯಿಂದ, ಶರಣಾದ ರಾಜಧಾನಿ ನಗರವನ್ನು ಸುಡುವುದಕ್ಕೆ ಬೇಕಾದ ಬೀಜಗಳು ಮೊದಲೇ ಬಿದ್ದಿದ್ದವು, ಆದ್ದರಿಂದ ಆ ನೆಲೆಯನ್ನೇ ಅಸಂಭವವೆನ್ನಲಾಗದು. ಕೊರತೆ ಇರುವುದು ಬೇರೆಡೆ: ಶರಣಾಗತಿಯ ಗಂಟೆ ಮೊಳಗಿದಾಗ ಅವಳ ಮುಖವನ್ನು ಹತ್ತಿರದಿಂದ ತೋರಿಸುವ ಕಂತು, ಬೆಂಕಿ ಸುರಿಯತೊಡಗಿದ ಮೇಲೆ ನೆಲದ ಮೇಲೆ ಓಡುವವರ ಜತೆಗೇ ಉಳಿಯುತ್ತದೆ, ಅವಳು ಹಾಗೇಕೆ ಮಾಡಿದಳೆಂದು ಆಮೇಲೆ ಅವಳ ಮುಖದಲ್ಲೇ ಓದುವ ಅವಕಾಶ ನಮಗೆ ಸಿಗುವುದೇ ಇಲ್ಲ.