ಆಟಿಯ ಮಳೆಯಲ್ಲೂ ಬೆವರುತ್ತದಾ ಅಕ್ಕಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ 45 ದಾಟಿದ ಹೆಂಗಸರು ಮುಟ್ಟು ನಿಲ್ಲುವ ತೊಂದರೆ ಅಂತ ಹೇಳಿಕೊಂಡು ಆಸ್ಪತ್ರೆಗೆ ಬರುವುದು ಅಪರೂಪ. "ಸಿಸ್ಟರ್, ತುಂಬ ಸೆಕೆ, ರಾತ್ರಿ ನಿದ್ರೆ ಇಲ್ಲ" ಅನ್ನುತ್ತಾರೆ. ಕಾಸರಗೋಡಿನಲ್ಲಿ ಸೆಕೆ ಯಾರಿಗಿಲ್ಲ? ಮಾತು ಅಲ್ಲಿಗೇ ಮುಗಿಯುತ್ತದೆ. ಅದನ್ನು ಮುಂದುವರಿಸಬೇಕಾದವರು ನರ್ಸ್‌ಗಳು: ಏನು ಕೇಳಬೇಕು, ಈ ತೊಂದರೆ ತಗ್ಗಿಸುವ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಏನು ಹೇಳಬೇಕು ಅಂತ ತಿಳಿದಿರಬೇಕು.

ಮೊದಲು ಬಾಗಿಲು ಮುಚ್ಚಿ. ಜೊತೆಗೆ ಬಂದ ಗಂಡನೋ ಸೊಸೆಯೋ ಹೊರಗೆ ಕೂರಲಿ. ಆಮೇಲೆ ಕೇಳಿ: "ಆಟಿಯ ಮಳೆಯಲ್ಲೂ ಹೀಗೇ ಬೆವರುತ್ತದಾ ಅಕ್ಕಾ?" (ಆಟಿ ಅಂದರೆ ಜೋರು ಮಳೆಯ ತುಳು ತಿಂಗಳು.) ಹೌದು ಅಂದರೆ ಅದು ಹವೆಯ ಸೆಕೆ ಅಲ್ಲ, ಮುಟ್ಟು ನಿಲ್ಲುವ ಕಾಲದ ಉರಿ ಇರಬಹುದು. ಈ ಉರಿ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಏರುತ್ತದೆ. ಕೆಲವು ನಿಮಿಷ ಇದ್ದು, ಬೆವರಿಳಿದು, ಕೊನೆಗೆ ಚಳಿಯಾಗುತ್ತದೆ. ಕೆಳಗೆ ಒಣಗುವುದು, ಗಂಡನ ಜೊತೆ ಇರುವಾಗ ನೋವು, ಇವನ್ನು ನೀವೇ ಕೇಳಬೇಕು. ಅವರಾಗಿ ಹೇಳುವುದಿಲ್ಲ. ಕನ್ನಡ, ತುಳು ಬಾರದ ಸಿಸ್ಟರ್ ಆದರೆ ಭಾಷೆ ಬಲ್ಲ ಸಹೋದ್ಯೋಗಿಯನ್ನು ಕರೆಯಿರಿ. ಮಗನ ಕೈಲಿ ಮಾತ್ರ ಹೇಳಿಸಬೇಡಿ.

ಕೊನೆಯ ಮುಟ್ಟು ಯಾವಾಗ? ಸತತ 12 ತಿಂಗಳು ಮುಟ್ಟಾಗದೇ ಇದ್ದರೆ ಮುಟ್ಟು ನಿಂತಿದೆ ಎಂದು ಲೆಕ್ಕ. ಅದರ ನಂತರ ರಕ್ತ ಕಂಡಿದ್ದರೆ ಹಾರ್ಮೋನ್ ಮಾತು ಬಿಡಿ, ಮೊದಲು ಡಾಕ್ಟರಿಗೆ ತೋರಿಸಿ. ಸ್ತನ ಕ್ಯಾನ್ಸರ್, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ, ಲಿವರ್ ಕಾಯಿಲೆ ಇದ್ದವೇ ಕೇಳಿ, ಬಿಪಿ ನೋಡಿ.

ಈಗ ಎಡವುವ ಜಾಗ. "ಆಪರೇಷನ್ ಆಗಿದೆ" ಅಂದರೆ ಗರ್ಭಕೋಶ ತೆಗೆದಿದ್ದಾರೆ ಎಂದುಕೊಳ್ಳಬೇಡಿ. ಎಷ್ಟೋ ಸಲ ಅದು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್. ಹಳೇ ಚೀಟಿ ತರಿಸಿ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ (ಮುಟ್ಟು ನಿಲ್ಲುವಾಗ ಮೈಯಲ್ಲಿ ಕಡಿಮೆಯಾಗುವ ಹಾರ್ಮೋನ್) ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರ್‌ಗೆ ದಾರಿಯಾಗಬಹುದು. ಹಾಗಾಗಿ ಜೊತೆಗೆ ಆ ಪದರವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನೂ ಬೇಕು. ತೆಗೆದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಮಾತ್ರ.

"ಕ್ಯಾನ್ಸರ್ ಬರುತ್ತದಂತೆ ಅಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ಸುಮ್ನೆ "ಹೆದರಬೇಡಿ" ಅನ್ನಬೇಡಿ, ಲೆಕ್ಕ ಹೇಳಿ. ಹೆದರಿಕೆ ಜಾಸ್ತಿಯಾದದ್ದು 2002ರ ಅಮೆರಿಕದ ದೊಡ್ಡ ಅಧ್ಯಯನದಿಂದ. ಎರಡೂ ಹಾರ್ಮೋನ್ ತಿಂದ 10,000 ಹೆಂಗಸರಲ್ಲಿ ವರ್ಷಕ್ಕೆ 38 ಮಂದಿಗೆ ಸ್ತನ ಕ್ಯಾನ್ಸರ್, ತಿನ್ನದವರಲ್ಲಿ 30. ಅವರ ಸರಾಸರಿ ವಯಸ್ಸು 63. ಅರುವತ್ತರ ಒಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದ, ಬೇರೆ ತೊಂದರೆ ಇಲ್ಲದವರಿಗೆ ಉರಿ ಸಹಿಸಲಾಗದಿದ್ದರೆ ಲಾಭವೇ ಹೆಚ್ಚು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ಒಣಗುವುದಷ್ಟೇ ತೊಂದರೆಯಾದರೆ ಒಳಗೆ ಹಚ್ಚುವ ಕ್ರೀಮ್ ಸಾಕಾಗಬಹುದು. ಬೇಡ ಅಂದವರನ್ನು ಒತ್ತಾಯಿಸಬೇಡಿ.

ಶುರು ಮಾಡಿದವರು ಮೂರು ತಿಂಗಳಿಗೆ ಬರಲಿ. ಮೊದಮೊದಲು ಸ್ತನ ಬಿಗಿಯುವುದು, ಸ್ವಲ್ಪ ರಕ್ತದ ಕಲೆ ಕಾಣುವುದು ಇದ್ದದ್ದೇ. ಒಂದೇ ಕಾಲು ಊದಿ ನೋವು, ಎದೆನೋವು ಬಂದರೆ ಅದೇ ದಿನ ಬರಬೇಕು.

ಮಾತ್ರೆಯ ಪಟ್ಟಿಯ ಮೇಲೆ ಇರುವುದು ಇಂಗ್ಲಿಷ್. ಯಾವುದು ಬೆಳಗ್ಗೆ, ಯಾವುದು ಮಲಗುವಾಗ ಅಂತ ಕನ್ನಡದಲ್ಲಿ ಬರೆದುಕೊಡಿ. ನಿಮಗೆ ಕನ್ನಡ ಬರೆಯಲು ಬಾರದಿದ್ದರೆ ಸೂರ್ಯ, ಚಂದ್ರ ಬಿಡಿಸಿದರೂ ಸಾಕು.